ಮಾಲೆ ತೆಗೆದ ಮೇಲೆ ಕುಡಿತ ಏಕೆ ಮರಳುತ್ತದೆ?

ಮಾನ್ಯರೇ,

ಅಯ್ಯಪ್ಪ ಮಾಲೆ ಹಾಕಿದ 41 ಅಥವಾ 48 ದಿನ ಹನಿಯನ್ನೂ ಮುಟ್ಟದವರು, ಸಂಕ್ರಾಂತಿ ಕಳೆದು ಮಾಲೆ ತೆಗೆದ ವಾರದೊಳಗೆ ಮತ್ತೆ ಬಾರಿನಲ್ಲಿ ಕೂತಿರುವುದು ಎಲ್ಲ ಊರುಗಳಲ್ಲೂ ಕಾಣುವ ಸಂಗತಿ. 'ಅಷ್ಟು ದಿನ ಬಿಟ್ಟವನಿಗೆ ಈಗೇನು ಧಾಡಿ? ಕೊಬ್ಬು' ಎಂದು ಜನ ಆಡಿಕೊಳ್ಳುತ್ತಾರೆ. ಇದನ್ನು ಕೊಬ್ಬು ಎನ್ನುವುದು ತಪ್ಪು.

ಮೊದಲು, ಕುಡಿತ ಏಕಾಏಕಿ ನಿಲ್ಲಿಸುವುದರ ಅಪಾಯದ ಮಾತು. ಮದ್ಯವು ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಹೆಚ್ಚಿಸಿ, ಕೆರಳಿಸುವ ಗ್ಲುಟಮೇಟ್ ಅನ್ನು ಅದುಮುತ್ತದೆ. ವರ್ಷಗಟ್ಟಲೆ ಕುಡಿದರೆ ಮಿದುಳು ಇದಕ್ಕೆ ಹೊಂದಿಕೊಂಡು ಗಾಬಾದ ಪ್ರಭಾವವನ್ನು ತಗ್ಗಿಸಿ, ಗ್ಲುಟಮೇಟಿನದನ್ನು ಏರಿಸಿಕೊಂಡಿರುತ್ತದೆ. ಆಗ ಕುಡಿತ ಏಕಾಏಕಿ ನಿಂತರೆ, ಆಕ್ಸಿಲರೇಟರ್ ಒತ್ತಿಕೊಂಡೇ ಇರುವ ಗಾಡಿಯ ಬ್ರೇಕ್ ಕಿತ್ತಂತಾಗುತ್ತದೆ. ಆರರಿಂದ ಹನ್ನೆರಡು ಗಂಟೆಯೊಳಗೆ ಕೈನಡುಕ, ಬೆವರು, ನಿದ್ರೆಗೇಡು ಶುರುವಾಗಬಹುದು. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಎರಡರಿಂದ ನಾಲ್ಕನೇ ದಿನದಲ್ಲಿ ದಿಕ್ಕು ತಪ್ಪಿ ಮಾತಾಡುವುದು, ಇಲ್ಲದ ಹುಳು ಮೈಮೇಲೆ ಹರಿದಂತೆ ಕೊಡವಿಕೊಳ್ಳುವುದು ಕಂಡರೆ ಅದು ದೈವದ ಮುನಿಸಲ್ಲ. ತಕ್ಷಣ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ, ಪ್ರಾಣವೂ ಹೋಗಬಹುದು.

ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ದಿನಾ ಇಷ್ಟು ಅಥವಾ ಹೆಚ್ಚು ಕುಡಿಯುವವರು, ಬೆಳಿಗ್ಗೆ ಎದ್ದೊಡನೆ ಕೈನಡುಕಕ್ಕೆ ಒಂದು ಪೆಗ್ ಹಾಕುವವರು, ಹಿಂದೆ ಫಿಟ್ಸ್ ಬಂದವರು ಮಾಲೆ ಹಾಕುವ ವಾರಕ್ಕೆ ಮುಂಚೆಯೇ ವೈದ್ಯರನ್ನು ಕಾಣಲಿ. ನಿಲ್ಲಿಸಿದ ದಿನದಿಂದ ಅವರು ಕೊಡುವ ಮಾತ್ರೆ ಶುರುಮಾಡಿ ಐದಾರು ದಿನಗಳಲ್ಲಿ ಪ್ರಮಾಣ ಇಳಿಸುತ್ತಾ ಬಂದರೆ ಈ ಹಂತ ಸುರಕ್ಷಿತವಾಗಿ ದಾಟುತ್ತದೆ. 'ಸುಸ್ತು, ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ' ಎಂದು ಕೇಳುವವರು ಕುಡಿತದ ವಿಷಯ ಮುಚ್ಚಿಡಬಾರದು. ಥಯಾಮಿನ್ (ಬಿ1 ಜೀವಸತ್ವ) ಬರಿದಾದವರಿಗೆ ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು.

ಇನ್ನು ಮಾಲೆ ತೆಗೆದ ಮೇಲಿನ ಕತೆ. ನಡುಕ ವಾರದಲ್ಲಿ ನಿಂತರೂ ಮಿದುಳಿನ ಕಲಿಕೆ ಅಳಿಯುವುದಿಲ್ಲ. ಸಂಜೆ ಆರೂವರೆ, ಸಂಬಳದ ದಿನ, ಗೆಳೆಯನ ಬೈಕಿನ ಹಾರ್ನ್, ಇಂಥ ಸುಳಿವುಗಳಿಗೇ ಮಿದುಳಿನಲ್ಲಿ 'ಬೇಕು' ಎನಿಸುವ ಡೋಪಮೈನ್ ಎಂಬ ರಾಸಾಯನಿಕ ಚಿಮ್ಮಿ ತುಡಿತ ಏಳುತ್ತದೆ. ತಡೆಯಬೇಕಾದ ಮುಂಭಾಗದ ಮಿದುಳು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ಮಾಲೆಯ ದಿನಗಳಲ್ಲಿ ಈ ಸುಳಿವುಗಳೆಲ್ಲ ಪಕ್ಕಕ್ಕೆ ಸರಿದಿರುತ್ತವೆ. ಕುಡಿಯುವ ಹೊತ್ತಿಗೆ ಸರಿಯಾಗಿ ಭಜನೆ, ಬೇರೆ ಸಂಗಡಿಗರು, ಬೆಳಗಿನ ಜಾವದ ಸ್ನಾನ. ಎಲ್ಲರೂ 'ಸ್ವಾಮಿ' ಎನ್ನುವಾಗ 'ಒಂದೇ ಪೆಗ್ ಬಾರೋ' ಎನ್ನುವವರೂ ಇರುವುದಿಲ್ಲ. ಮಾಲೆ ತೆಗೆದ ದಿನ ಇಷ್ಟೂ ಒಟ್ಟಿಗೇ ಮುಗಿಯುತ್ತದೆ, ದೇಹಕ್ಕೆ ಮೊದಲಿನ ತಾಳಿಕೆಯೂ ಇರುವುದಿಲ್ಲ. ಹಳೆಯ ಅಳತೆಯಲ್ಲೇ ಕುಡಿದು ಬೈಕ್ ಹತ್ತಿದವರು ಬೀಳುವುದು ಹೀಗೆ.

ಆದ್ದರಿಂದ ಇರುಮುಡಿ ಕಟ್ಟುವ ಮೊದಲೇ ಮುಂದಿನ ಮೂರು ತಿಂಗಳ ವ್ಯವಸ್ಥೆ ಆಗಬೇಕು. ಸಂಜೆ ಆರಕ್ಕೇ ಹೊಟ್ಟೆ ತುಂಬ ತಿನ್ನಿ, ಹಸಿದಾಗ ಮತ್ತು ದಣಿದಾಗ ತುಡಿತ ಜಾಸ್ತಿ. ಸಂಬಳ ಹೆಂಡತಿಯ ಖಾತೆಗೆ ಹೋಗಲಿ, ಫೋನ್‌ಪೇ ಕೂಡ ಅವರ ಬಳಿಯೇ ಇರಲಿ. ಬಾರಿನ ಮುಂದಿನ ದಾರಿ ಬಿಟ್ಟು ಸುತ್ತು ಹಾಕಿಯಾದರೂ ಮನೆಗೆ ಬನ್ನಿ. ತುಡಿತ ಎದ್ದಾಗ ಗಡಿಯಾರ ನೋಡಿಕೊಳ್ಳಿ, ಅದು ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಏರಿ ಇಳಿಯುತ್ತದೆ. ಅಷ್ಟು ಹೊತ್ತು ಜಾಗ ಬದಲಿಸಿ, ಯಾರಿಗಾದರೂ ಫೋನ್ ಮಾಡಿ. ಕರೆದವರಿಗೆ 'ಇವತ್ತು ಬೇಡ' ಎಂದರೆ ನಾಳೆ ಮತ್ತೆ ಕರೆಯುತ್ತಾರೆ, 'ಬಿಟ್ಟಿದ್ದೀನಿ' ಎಂದುಬಿಡಿ. ಅಕಸ್ಮಾತ್ ಒಂದು ಪೆಗ್ ಹೋಯಿತೇ? 'ಹೇಗೂ ಕೆಟ್ಟಾಯ್ತು, ಕುಡಿದೇಬಿಡೋಣ' ಎಂಬ ಯೋಚನೆ ಆ ಪೆಗ್‌ಗಿಂತ ಕೆಟ್ಟದ್ದು. ಆ ರಾತ್ರಿ ಯಾರಿಗೆ ಫೋನ್ ಮಾಡಬೇಕೆಂದು ಈಗಲೇ ಬರೆದಿಡಿ.

ತುಡಿತ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳಿವೆ. ಯಕೃತ್ತು, ಮೂತ್ರಪಿಂಡದ ಪರೀಕ್ಷೆ ನೋಡಿ ವೈದ್ಯರು ಕೊಡುತ್ತಾರೆ. ಡೈಸಲ್ಫಿರಾಮ್ ಮಾತ್ರ ಬೇರೆ ಜಾತಿ, ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಮಾತ್ರೆ ಅದು. ಇದನ್ನು ಗಂಡನಿಗೆ ಗೊತ್ತಾಗದಂತೆ ಸಾರಿಗೆ ಬೆರೆಸುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಇದರ ಮೇಲೆ ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡ ಕುಸಿತ ಆಗಿ ಸಾವೂ ಸಂಭವಿಸಬಹುದು. ಕೊನೆಯ ಮಾತ್ರೆ ನುಂಗಿ ಎರಡು ವಾರದವರೆಗೂ ಈ ಅಪಾಯ ಇರುತ್ತದೆ.

ಹತ್ತಿರದಲ್ಲಿ ಮನೋವೈದ್ಯರಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಗುರುಸ್ವಾಮಿಗಳಲ್ಲಿ ಒಂದು ಕೋರಿಕೆ: ಸಂಕ್ರಾಂತಿಯ ನಂತರವೂ ಯುಗಾದಿಯವರೆಗೆ ವಾರಕ್ಕೆರಡು ಸಂಜೆ, ಆರೂವರೆಗೇ, ಭಜನೆ ಇಟ್ಟುಕೊಳ್ಳಿ. ಬಾರದವರ ಮನೆಗೆ ಅದೇ ರಾತ್ರಿ ಒಂದು ಫೋನ್ ಹೋಗಲಿ.

— ವ್ಯಸನ ಚಿಕಿತ್ಸಾ ಘಟಕವೊಂದರ ವೈದ್ಯರು ಮತ್ತು ಆಪ್ತಸಮಾಲೋಚಕರು