ಮಗುವಿನ ಎದೆ ಗೊಣಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರದ ಆರೋಗ್ಯ ಪುಟದಲ್ಲಿ ‘ಹೃದಯದ ಗೊಣಗಾಟ’ ಅಂತ ತಲೆಬರಹ ನೋಡಿದೆ. ಇಂಗ್ಲಿಷಿನ ‘ಮರ್ಮರ್’ ಪದವನ್ನು ಹಾಗೆ ಕನ್ನಡಕ್ಕೆ ತಂದಿದ್ದೀರಿ. ಇದೇ ಪದ ಎರಡು ತಿಂಗಳ ಹಿಂದೆ ನಮ್ಮ ಮನೆಯವರನ್ನು ನಡುಗಿಸಿತ್ತು, ಅದಕ್ಕೇ ಈ ಪತ್ರ.

ನನ್ನ ಮೊಮ್ಮಗಳಿಗೆ ಆರು ವರ್ಷ. ಜ್ವರ ಅಂತ ಇಲ್ಲೇ ಉಡುಪಿಯಲ್ಲಿ ತೋರಿಸಿದಾಗ ಚೀಟಿಯಲ್ಲಿ ‘ಮರ್ಮರ್’ ಎಂದು ಬರೆದರು, ವಿವರಿಸಿ ಹೇಳಲಿಲ್ಲ. ಮಗ ಮೊಬೈಲಿನಲ್ಲಿ ಕನ್ನಡ ಮಾಡಿ ನೋಡಿದರೆ ‘ಗೊಣಗಾಟ’. ಗೊಣಗುವುದು ಅಂದ್ರೆ ಒಳಗೆ ಏನೋ ಸರಿ ಇಲ್ಲ ಅಂತಲೇ ಅಲ್ವಾ? ಆ ರಾತ್ರಿ ಗಂಜಿ ಬಟ್ಟಲಲ್ಲೇ ಆರಿತು, ಯಾರೂ ಉಣ್ಣಲಿಲ್ಲ.

ಮರುದಿನ ಮಕ್ಕಳ ಡಾಕ್ಟರು ಸ್ಟೆತಸ್ಕೋಪನ್ನು ನನ್ನ ಕಿವಿಗೇ ಸಿಕ್ಕಿಸಿದರು. ಲಬ್, ಡಬ್, ಅವೆರಡರ ನಡುವೆ ಸಣ್ಣಗೆ ಒಂದು ‘ಸುಯ್’. ಮಳೆಗಾಲದಲ್ಲಿ ತೋಡಿನ ನೀರು ಕಲ್ಲಿನ ಸಂದಿಯಲ್ಲಿ ನುಗ್ಗುವಾಗ ಸದ್ದಾಗುತ್ತದಲ್ಲ, ರಕ್ತವೂ ಹಾಗೇ ರಭಸದಿಂದ ಹರಿಯುವಾಗ ಹೀಗೆ ಕೇಳುತ್ತದೆ, ಜ್ವರ ಇದ್ದರೆ ಇನ್ನೂ ಜಾಸ್ತಿ ಎಂದರು. ಎಷ್ಟೋ ಮಕ್ಕಳಲ್ಲಿ ಇದು ಇರುತ್ತದಂತೆ, ಹೆಚ್ಚಿನವರಿಗೆ ಏನೂ ತೊಂದರೆ ಇಲ್ಲ, ಬೆಳೆದಂತೆ ಹೋಗುತ್ತದೆ. ಕೆಲವರಲ್ಲಿ ಮಾತ್ರ ಕವಾಟದ ದೋಷವೋ ತೂತೋ ಇರಬಹುದು, ಅದಕ್ಕೆ ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಮಾಡಿ ನೋಡುತ್ತಾರೆ. ನಮ್ಮವಳ ಎಕೋ ಸರಿ ಇತ್ತು.

ಇಂಗ್ಲಿಷಿನವರು ‘ಮರ್ಮರ್’ ಎಂಬ ಈ ಒಂದೇ ಪದವನ್ನು ಹತ್ತು ಕಡೆ ಬಳಸುತ್ತಾರೆ. ನಮಗೆ ಹಾಗಿಲ್ಲ. ತೋಡು ಹರಿದರೆ ಜುಳುಜುಳು. ಇಬ್ಬರು ತಗ್ಗಿದ ದನಿಯಲ್ಲಿ ಮಾತಾಡಿದರೆ ಗುಸುಗುಸು, ಸಭೆಯಲ್ಲಿ ಎಲ್ಲರೂ ಶುರುಮಾಡಿದರೆ ಗುಜುಗುಜು. ಸಿಟ್ಟನ್ನು ಬಾಯೊಳಗೇ ಅಗಿದರೆ ಆಗ ಅದು ಗೊಣಗಾಟ. ‘ವಿದೌಟ್ ಎ ಮರ್ಮರ್’ ಅಂತ ಬಂದರಂತೂ ನಮ್ಮಮ್ಮ ದಿನಾ ಹೇಳುತ್ತಿದ್ದ ‘ತುಟಿಪಿಟಕ್ಕೆನ್ನದೆ’ ಇದೆ, ಎಷ್ಟು ಚೆಂದದ ಮಾತು ನೋಡಿ.

ಇನ್ನೊಂದು ವಿಷಯ. ಒಣ ಎಲೆ ಅಲುಗುವ ಸದ್ದಿಗೆ ಸಂಸ್ಕೃತದಿಂದ ಬಂದ ‘ಮರ್ಮರ’ ನಮ್ಮಲ್ಲಿ ಮೊದಲಿನಿಂದ ಇದೆ. ಇಂಗ್ಲಿಷಿನ ಪದ ಲ್ಯಾಟಿನ್‌ನಿಂದ ಫ್ರೆಂಚ್ ದಾರಿಯಲ್ಲಿ ಬಂದದ್ದು, ಎರಡರ ಬೇರೂ ಒಂದೇ ಎನ್ನುತ್ತಾರೆ ಭಾಷೆ ಬಲ್ಲವರು. ಕಿವಿಗೆ ಬಿದ್ದ ಸದ್ದನ್ನೇ ಎರಡು ಸಲ ಹೇಳಿ ಮಾಡಿದ ಪದ, ನಮ್ಮ ಗುಸುಗುಸು ಇದ್ದ ಹಾಗೆ. ಅದರಲ್ಲಿ ದೂರೂ ಇಲ್ಲ, ಹೆದರಿಕೆಯೂ ಇಲ್ಲ.

ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ. ಅಂಥ ಕರಾವಳಿಯ ಓದುಗರಿಗೆ ಯಂತ್ರ ಕೊಟ್ಟ ಮೊದಲ ಅರ್ಥವನ್ನೇ ಬಡಿಸಬೇಡಿ. ಮುಂದಿನ ಸಲ ‘ಹೃದಯದ ಮರ್ಮರ’ ಎಂದು ಬರೆಯಿರಿ, ಪಕ್ಕದಲ್ಲೇ ‘ರಕ್ತ ಹರಿಯುವಾಗಿನ ಸುಯ್ ಸದ್ದು’ ಎಂದು ಒಂದು ಸಾಲು ಹಾಕಿ. ಚೀಟಿ ಬರೆಯುವ ಡಾಕ್ಟರುಗಳಲ್ಲೂ ಕೇಳಿಕೊಳ್ಳುತ್ತೇನೆ, ಆ ಒಂದು ಸಾಲನ್ನು ದಯವಿಟ್ಟು ಬಾಯಲ್ಲೂ ಹೇಳಿ.

– ಒಬ್ಬ ಅಜ್ಜಿ, ಉಡುಪಿ