ಅಪ್ಪ, ಆ ಬಂಡೆ ನೋಡಿ ಬಂದೆ

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮನ ಕಾಗದ ಬಂತು. ಎಡಗಣ್ಣಿನ ಪೊರೆ ಬಲಿತಿದೆ, ಬಸ್ಸಿನ ಬೋರ್ಡ್ ಓದೋಕೂ ಪಕ್ಕದವರನ್ನು ಕೇಳುತ್ತೀರಿ, ಆಪರೇಷನ್ ಅಂದರೆ ಮಾತ್ರ ‘ಇನ್ನೂ ಹಣ್ಣಾಗಲಿ’ ಅನ್ನುತ್ತೀರಂತೆ. ಫೋನಿನಲ್ಲಿ ಈ ಮಾತೆತ್ತಿದರೆ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ.

ಮೊದಲು ನಿಮಗೆ ಖುಷಿಯಾಗೋ ಸುದ್ದಿ. ಹೋದ ವಾರ ಅಮೆರಿಕದ ಅರಿಜೋನಾ ರಾಜ್ಯದಲ್ಲಿರೋ ಕ್ಯಾನ್ಯನ್ ಡಿ ಶೇ ಅನ್ನೋ ಕಣಿವೆಗೆ ಹೋಗಿದ್ದೆ. ‘ಮೆಕೆನ್ನಾಸ್ ಗೋಲ್ಡ್’ ಸಿನಿಮಾದಲ್ಲಿ ಸೂರ್ಯ ಹುಟ್ಟಿದಾಗ ನೆರಳು ಉದ್ದಕ್ಕೆ ಚಾಚಿ ಬಂಗಾರದ ದಾರಿ ತೋರಿಸುತ್ತದಲ್ಲ, ಆ ಕಂಬದಂಥ ಬಂಡೆ ಇಲ್ಲೇ ಇರೋದು! ಸ್ಪೈಡರ್ ರಾಕ್ ಅಂತಾರೆ. ಸುಮಾರು 800 ಅಡಿ ಎತ್ತರ. ಕೆಂಪು ಮರಳುಗಲ್ಲು, ನೋಡಿದರೆ ಎದೆ ಝಲ್ಲೆನ್ನುತ್ತದೆ.

ಅದು ನವಾಹೋ ಅನ್ನೋ ಮೂಲನಿವಾಸಿ ಜನರ ನೆಲ. ಬೇಸಿಗೆಯಲ್ಲಿ ಅರಿಜೋನಾದ ಗಡಿಯಾರಕ್ಕೂ ಅವರ ಗಡಿಯಾರಕ್ಕೂ ಒಂದು ಗಂಟೆ ವ್ಯತ್ಯಾಸ, ಒಂದೇ ರಾಜ್ಯದೊಳಗೆ! ಬಂಡೆಯ ತುದಿಯಲ್ಲಿ ಜೇಡಜ್ಜಿ ಇದ್ದಾಳೆ, ನೇಯ್ಗೆ ಕಲಿಸಿದವಳು ಅವಳೇ ಅಂತ ಅವರ ನಂಬಿಕೆ. ಕಣಿವೆಯ ತಳದಲ್ಲಿ ಈಗಲೂ ಮುಸುಕಿನ ಜೋಳ ಬೆಳೆಯುತ್ತಾರೆ. 1864ರಲ್ಲಿ ಅಮೆರಿಕದ ಸೈನ್ಯ ಬಂದು ಅವರ ಪೀಚ್ ಮರಗಳನ್ನು ಸಾವಿರಗಟ್ಟಲೆ ಕಡಿದುಹಾಕಿತು. ಜನರನ್ನು ನ್ಯೂ ಮೆಕ್ಸಿಕೋವರೆಗೆ ನಡೆಸಿಕೊಂಡು ಹೋದರು. ಊರಿಗೆ ಮರಳಲು ಬಿಟ್ಟದ್ದು 1868ರಲ್ಲಿ.

ರಾತ್ರಿ ಸಿನಿಮಾ ಮತ್ತೆ ಹಾಕಿಕೊಂಡು ನೋಡಿದೆ. ನಕಾಶೆ ಕೊಟ್ಟು ಸಾಯುವ ಅಪಾಚೆ ಬುಡಕಟ್ಟಿನ ಮುದುಕ ನೆನಪಿದ್ದಾನಲ್ಲ? ಆ ನಟ ಎಡ್ವಾರ್ಡೊ ಚಿಯಾನೆಲ್ಲಿ, ಇಟಲಿಯಲ್ಲಿ ಹುಟ್ಟಿದವರು. ಅಪಾಚೆ ಹುಡುಗಿಯ ಪಾತ್ರ ಮಾಡಿದ ಜೂಲಿ ನ್ಯೂಮಾರ್ ಬಿಳಿಯರು. ಮೆಕ್ಸಿಕೋದ ಡಕಾಯಿತ ನಮ್ಮ ಒಮರ್ ಷರೀಫ್, ಈಜಿಪ್ಟಿನವರು. 1956ರ ‘ದಿ ಸರ್ಚರ್ಸ್’ನಲ್ಲೂ ಇದೇ ಕಥೆ. ಕೊಮಾಂಚೆ ಬುಡಕಟ್ಟಿನ ನಾಯಕನ ಪಾತ್ರ ಜರ್ಮನಿಯಲ್ಲಿ ಹುಟ್ಟಿದ ಹೆನ್ರಿ ಬ್ರಾಂಡನ್‌ಗೆ. ಹಿಂದೆ ಕುದುರೆ ಮೇಲಿದ್ದವರು ನವಾಹೋಗಳು, ಅವರೂ ಕೊಮಾಂಚೆ ವೇಷದಲ್ಲಿ. ಕುದುರೆ ಓಡಿಸೋಕೆ, ಗುಂಡು ತಿಂದು ಬೀಳೋಕೆ ಅವರು ಬೇಕು. ಮುಖ ಹತ್ತಿರದಿಂದ ತೋರಿಸೋಕೆ ಬೇಡ. ನನಗೆ ಇದು ತುಂಬಾ ಸಂಕಟವಾಯಿತು ಅಪ್ಪ. ಅವರದೇ ನೆಲ, ಅವರದೇ ಬಂಡೆ ಅಲ್ವಾ?

ಕೌಬಾಯ್‌ಗಳಲ್ಲಿ ನಾಲ್ವರಲ್ಲಿ ಒಬ್ಬರು ಕಪ್ಪು ಜನ ಇದ್ದರು ಅಂತ ಇತಿಹಾಸಕಾರರ ಅಂದಾಜು. ನೀವು ನೋಡಿದ ಅಷ್ಟೊಂದು ಸಿನಿಮಾಗಳಲ್ಲಿ ಒಬ್ಬರಾದರೂ ನೆನಪಿದ್ದಾರಾ? 1960ರ ‘ಸಾರ್ಜೆಂಟ್ ರಟ್ಲೆಜ್’ನಲ್ಲಿ ವುಡಿ ಸ್ಟ್ರೋಡ್ ಇದ್ದಾರೆ. ಮಾಡದ ತಪ್ಪಿಗೆ ಕೋರ್ಟಿನಲ್ಲಿ ಕೂತ ಸೈನಿಕ. ಆ ಗತ್ತು, ಆ ದನಿ! ನೀವು ಅದನ್ನು ನೋಡಲೇಬೇಕು.

ನೋಡೋಕೆ ಕಣ್ಣು ಬೇಕಲ್ಲ ಅಪ್ಪ. ಹಣ್ಣಾಗುವವರೆಗೆ ಕಾಯೋದೆಲ್ಲ ಹಳೇ ಕಾಲದ ಮಾತು. ಈಗ ಅರ್ಧ ಗಂಟೆಯೂ ಹಿಡಿಯುವುದಿಲ್ಲ, ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸುತ್ತಾರೆ. ಶುಗರ್ ಹಿಡಿತಕ್ಕೆ ಬರಬೇಕು ಅಷ್ಟೇ. ಗೃಹಪ್ರವೇಶದಲ್ಲಿ ಹೋಳಿಗೆ ಎರಡೆರಡು ಸಲ ಹಾಕಿಸಿಕೊಂಡದ್ದನ್ನೂ ಅಮ್ಮ ಬರೆದಿದ್ದಾಳೆ. ಸ್ಕೂಟರ್ ಕೀ ಇವತ್ತೇ ರವಿಗೆ ಕೊಟ್ಟುಬಿಡಿ, ದಯವಿಟ್ಟು. ಸಂಜೆ ಹೊತ್ತು ಆ ತಿರುವಿನಲ್ಲಿ ನೀವು ಬರೋದನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ದುಡ್ಡು ರವಿಯ ಖಾತೆಗೆ ಹಾಕಿದ್ದೇನೆ. ನನಗೆ ಅದರಿಂದ ಏನೂ ಕಷ್ಟವಿಲ್ಲ, ನಿಜವಾಗಲೂ ಇಲ್ಲ. ಸಂಬಳ ಸರಿಯಾಗಿ ಬರುತ್ತಿದೆ. ದಿನಾ ಅನ್ನ ಸಾರು ಮಾಡಿಕೊಳ್ಳುತ್ತೇನೆ, ಆರೋಗ್ಯವಾಗಿದ್ದೇನೆ. ನನ್ನ ಚಿಂತೆ ಬೇಡವೇ ಬೇಡ.

ಡಾಕ್ಟರು ಕೊಟ್ಟ ತಾರೀಕು ತಿಳಿಸಿ, ರವಿ ರಜೆ ಹಾಕುತ್ತಾನೆ. ಅಜ್ಜಿಗೆ ನಮಸ್ಕಾರ. ಪೋಸ್ಟಾಫೀಸು ಮುಚ್ಚೋ ಹೊತ್ತಾಯಿತು, ಓಡುತ್ತೇನೆ.

ನಿಮ್ಮ ಮಗಳು,
ಸುಮ