ಫೆಡ್ ಸುರಿದ ಹಣವೂ ಸುದ್ದಿಯಲ್ಲಿರಲಿ

ಷೇರುಪೇಟೆ ಜಿಗಿದ ಸುದ್ದಿ ಬರೆಯುವಾಗ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ (ಫೆಡ್) ಸುರಿಯುವ ಹಣದ ವಿಷಯವನ್ನೂ ಪತ್ರಿಕೆಗಳು ಹೇಳಬೇಕು. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ 26 ಸಾವಿರಕ್ಕಿಂತ ಕೆಳಗೆ ಬಿತ್ತು. ಅದೇ ದಿನ ಫೆಡ್, ಎಷ್ಟು ಬೇಕಾದರೂ ಬಾಂಡ್ (ಸಾಲಪತ್ರ) ಕೊಳ್ಳುತ್ತೇವೆ ಎಂದಿತು. ಹತ್ತೇ ತಿಂಗಳಲ್ಲಿ ಸೆನ್ಸೆಕ್ಸ್ 50 ಸಾವಿರ ಮುಟ್ಟಿತು, ಆಗ ನಮ್ಮ ಬೀದಿಯ ಟೈಲರ್ ಅಂಗಡಿ ಶಟರ್ ಇನ್ನೂ ಎದ್ದಿರಲಿಲ್ಲ! ಫೆಡ್ ಬಾಂಡ್ ಕೊಂಡಾಗ ಬಾಂಡ್ ಬಡ್ಡಿ ಇಳಿಯುತ್ತದೆ, ಆಗ ದುಡ್ಡು ನಮ್ಮಂಥ ದೇಶಗಳ ಷೇರಿನ ಕಡೆಗೂ ಓಡುತ್ತದೆ, ಅಷ್ಟೇ. ಆ ವಿದೇಶಿ ದುಡ್ಡು ವಾಪಸ್ ಹೋಗುವುದೂ ಹಾಗೆಯೇ. 2013ರ ಮೇ ತಿಂಗಳಲ್ಲಿ ಆಗಿನ ಫೆಡ್ ಅಧ್ಯಕ್ಷ ಬೆನ್ ಬರ್ನಾಂಕಿ ಬಾಂಡ್ ಖರೀದಿ ಕಡಿಮೆ ಮಾಡುವ ಸುಳಿವು ಕೊಟ್ಟ ಮೇಲೆ ಆಗಸ್ಟ್ ಹೊತ್ತಿಗೆ ಡಾಲರ್ 68 ರೂಪಾಯಿ ದಾಟಿತ್ತು, ನೆನಪಿದೆ ಅಲ್ವಾ? ಹಾಗಾಗಿ ಸೂಚ್ಯಂಕದ ಪಕ್ಕ ಫೆಡ್ ಬಡ್ಡಿದರ ಮತ್ತು ವಿದೇಶಿ ಹೂಡಿಕೆದಾರರ ಆ ದಿನದ ಖರೀದಿ, ಮಾರಾಟದ ಲೆಕ್ಕವನ್ನು ಒಂದು ಸಣ್ಣ ಬಾಕ್ಸ್‌ನಲ್ಲಿ ದಿನವೂ ಕೊಡಿ.

– ಒಬ್ಬ ಓದುಗ, ದಾವಣಗೆರೆ